ಕೊಯ್ಯದೆ ಅಳೆಯುವ ಲೆಕ್ಕ

ಬೆಂಗಳೂರಿನ ಆರ್.ಟಿ. ನಗರದ ಯಾವ ಸ್ಕ್ಯಾನಿಂಗ್ ಸೆಂಟರಿಗೆ ಹೋದರೂ ಕಿಬ್ಬೊಟ್ಟೆಯ ಪರೀಕ್ಷೆಗೆ ಬಂದವರಿಗೆ ಮೊದಲು ಸಿಗುವ ಸೂಚನೆ ಒಂದೇ: ಚೆನ್ನಾಗಿ ನೀರು ಕುಡಿಯಿರಿ, ಮೂತ್ರ ಕಟ್ಟಿಕೊಂಡು ಕೂತಿರಿ. ಪ್ರಾಸ್ಟೇಟ್ ತೊಂದರೆಯ ಹಿರಿಯರಾದರೆ ಇನ್ನೊಂದು ಸುತ್ತು ಉಂಟು. ಒಮ್ಮೆ ನೋಡಿ ಮುಗಿಸಿ, ‘ಈಗ ಹೋಗಿ ಬನ್ನಿ’ ಎಂದು ಕಳಿಸಿ, ಒಳಗೆ ಎಷ್ಟು ಉಳಿದಿದೆ ಎಂದು ಮತ್ತೆ ನೋಡುತ್ತಾರೆ. ಮೂತ್ರಕೋಶದ ಅಲ್ಟ್ರಾಸೌಂಡಿನ ಅರ್ಧ ವಿಜ್ಞಾನ ಈ ಎರಡು ಮಾತಿನಲ್ಲೇ ಇದೆ. ಮೂತ್ರವು ಶಬ್ದದ ಅಲೆಯನ್ನು ತಡೆಯದೆ, ಹಿಂದಕ್ಕೆ ಕಳಿಸದೆ ಹಾಗೇ ಬಿಟ್ಟುಕೊಡುತ್ತದೆ. ಹಾಗಾಗಿ ಪರದೆಯ ಮೇಲೆ ಅದು ಅಚ್ಚ ಕಪ್ಪು. ಆ ಕಪ್ಪಿನ ಸುತ್ತ ಗೋಡೆಯ ಪದರಗಳು ಸ್ಪಷ್ಟವಾಗಿ ಎದ್ದು ಕಾಣುತ್ತವೆ. ಕೋಶ ಖಾಲಿಯಾಯಿತೋ, ಗೋಡೆ ಮುದುಡಿಕೊಂಡು ಅಕ್ಕಪಕ್ಕದ ಕರುಳಿನ ಜೊತೆ ಬೆರೆತುಹೋಗುತ್ತದೆ. ಮನುಷ್ಯನಾದರೆ ಹೇಳಿದ ಮಾತು ಕೇಳುತ್ತಾನೆ. ಪ್ರಯೋಗಾಲಯದ ಸುಂಡಿಲಿ ಹಾಗಲ್ಲ. ಪಂಜರದಿಂದ ಎತ್ತಿದ ಕ್ಷಣವೇ ಬಹಳ ಸಲ ಅದು ಕೈ ಮೇಲೆಯೇ ಮೂತ್ರ ಮಾಡಿಬಿಡುತ್ತದೆ. ನೋಡಬೇಕಾದ್ದು ನೋಡುವ ಮೊದಲೇ ಮುಗಿದಿರುತ್ತದೆ.

ಬೆಂಗಳೂರಿನ ಉತ್ತರ ಭಾಗದಲ್ಲಿ ಈ ವಿಷಯ ಎತ್ತಲು ಕಾರಣವಿದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಶುರುವಾದದ್ದು 1958ರಲ್ಲಿ. ಅದೇ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಇನ್ನೂ ಹಳೆಯದು. ರಿಂಡರ್‌ಪೆಸ್ಟ್ ಎಂಬ ದನಗಳ ಮಾರಿಯನ್ನು ಎದುರಿಸಲು 1925ರಲ್ಲಿ ಮೈಸೂರು ಸೀರಮ್ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನಲ್ಲಿ ಹುಟ್ಟಿಕೊಂಡದ್ದು. ಅಲ್ಲಿಂದ ಬಳ್ಳಾರಿ ರಸ್ತೆ ಹಿಡಿದರೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಜೀವವಿಜ್ಞಾನ ಸಂಶೋಧನೆಯ ಎನ್‌ಸಿಬಿಎಸ್, ಮುಂದೆ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ಈ ಕಡೆ ಯಶವಂತಪುರದ ಮಗ್ಗುಲಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ. ಒಂದು ಕಡೆ ಪ್ರಾಣಿ ರೋಗಿಯಾಗಿ ಬರುತ್ತದೆ, ಇನ್ನೊಂದು ಕಡೆ ಪ್ರಯೋಗದ ವಿಷಯವಾಗಿ ಇರುತ್ತದೆ. ಮೂತ್ರ ಕಟ್ಟಿದ ನಾಯಿಯ, ಹೋತದ ಹೊಟ್ಟೆಯ ಮೇಲೆ ಪ್ರೋಬ್ ಇಟ್ಟು, ಕಲ್ಲಿದೆಯೇ, ಕೋಶ ಒಡೆದಿದೆಯೇ ಎಂದು ಹೇಳುವುದು ಪಶುವೈದ್ಯರಿಗೆ ದಿನನಿತ್ಯದ ಕೆಲಸ. ಆ ಕೈಯ ಪಳಗಿಕೆ ಪ್ರಯೋಗಾಲಯಗಳ ಅನಿಮಲ್ ಹೌಸ್‌ಗಳಿಗೂ ಹೋಗಬೇಕು ಎಂಬುದು ನನ್ನ ವಾದ. ಕಾರಣ ಅಲ್ಟ್ರಾಸೌಂಡ್ ಸೂಕ್ಷ್ಮದರ್ಶಕಕ್ಕಿಂತ ಹೆಚ್ಚು ಕಾಣಿಸುತ್ತದೆ ಎಂದಲ್ಲ, ಖಂಡಿತ ಕಾಣಿಸುವುದಿಲ್ಲ. ಕಾರಣ, ಅದು ಅದೇ ಪ್ರಾಣಿಯನ್ನು ಮತ್ತೆ ನೋಡಲು ಬಿಡುತ್ತದೆ. ಆದರೆ ಈ ಲಾಭಕ್ಕೆ ಒಂದು ಷರತ್ತಿದೆ, ಅದನ್ನು ಮರೆತರೆ ಸ್ಕ್ಯಾನ್ ಮಾಡದಿರುವುದೇ ಮೇಲು.

ಮೊದಲು ಗಾತ್ರದ ಮಾತು. ವಯಸ್ಕ ಮನುಷ್ಯನ ಮೂತ್ರಕೋಶ 400ರಿಂದ 500 ಮಿ.ಲೀ. ಹಿಡಿಯುತ್ತದೆ. ಪ್ರಯೋಗಾಲಯದ ದೊಡ್ಡ ಇಲಿಯದು ಸುಮಾರು 1 ಮಿ.ಲೀ. ಸುಂಡಿಲಿಯದು 0.1ರಿಂದ 0.15 ಮಿ.ಲೀ., ಅಂದರೆ ಎರಡು ಮೂರು ಹನಿ. ದೇಹದ ಮೆತ್ತನೆಯ ಭಾಗಗಳಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ಆಸ್ಪತ್ರೆಯಲ್ಲಿ ಹೊಟ್ಟೆ ನೋಡಲು ಬಳಸುವ 3.5 ಮೆಗಾಹರ್ಟ್ಸ್ ಪ್ರೋಬಿನ ಅಲೆಯ ಉದ್ದ 0.44 ಮಿ.ಮೀ. ಆಗುತ್ತದೆ. ಸುಂಡಿಲಿಯ ಮೂತ್ರಕೋಶದ ಗೋಡೆಯೇ ಅದಕ್ಕಿಂತ ತೆಳು ಇರಬಹುದು. ಅಲೆಗಿಂತ ಸಣ್ಣದನ್ನು ಅಲೆ ತೋರಿಸಲಾರದು. 40 ಮೆಗಾಹರ್ಟ್ಸ್‌ಗೆ ಏರಿದರೆ ಅಲೆಯ ಉದ್ದ 0.04 ಮಿ.ಮೀ.ಗಿಂತ ಕಡಿಮೆಯಾಗಿ ಗೋಡೆಯ ಅಂಚು ಸಿಗುತ್ತದೆ. ಕಂಪನಾಂಕ ಏರಿದಷ್ಟೂ ಶಬ್ದ ಬೇಗ ಕ್ಷೀಣಿಸುತ್ತದೆ ಎಂಬುದು ಇದರ ಬೆಲೆ. 40 ಮೆಗಾಹರ್ಟ್ಸ್ ಅಲೆ ಒಂದು ಸೆಂಟಿಮೀಟರ್ ದಾಟುವಷ್ಟರಲ್ಲಿ ಸೊರಗಿಹೋಗುತ್ತದೆ. ಪುಣ್ಯಕ್ಕೆ ಸುಂಡಿಲಿಯ ಮೂತ್ರಕೋಶ ಚರ್ಮದಿಂದ ಕೆಲವೇ ಮಿ.ಮೀ. ಕೆಳಗಿದೆ.

ಕೆಲಸ ನಡೆಯುವ ಬಗೆ ಹೀಗೆ. ಸುಮಾರು 25 ಗ್ರಾಂ ತೂಗುವ ಪ್ರಾಣಿಗೆ ಐಸೋಫ್ಲೂರೇನ್ ಎಂಬ ಅರಿವಳಿಕೆಯ ಆವಿ ಕೊಟ್ಟು, ಬಿಸಿ ಮಾಡಿದ ಪುಟ್ಟ ಹಲಗೆಯ ಮೇಲೆ ಅಂಗಾತ ಮಲಗಿಸುತ್ತಾರೆ. ನಾಲ್ಕು ಪಾದಗಳನ್ನೂ ಟೇಪಿನಿಂದ ಲೋಹದ ಪಟ್ಟಿಗಳಿಗೆ ಅಂಟಿಸಿದರೆ ಹೃದಯದ ಬಡಿತ ಮತ್ತು ಉಸಿರು ಪರದೆಯ ಮೂಲೆಯಲ್ಲಿ ಓಡುತ್ತಿರುತ್ತವೆ. ಕೆಳಹೊಟ್ಟೆಯ ಕೂದಲನ್ನು ಕೂದಲು ತೆಗೆಯುವ ಕ್ರೀಮಿನಿಂದ ತೆಗೆಯಲೇಬೇಕು. ಕೂದಲಿನ ನಡುವೆ ಸಿಕ್ಕ ಗಾಳಿಯ ಗುಳ್ಳೆ ಒಂದೇ ಒಂದಿದ್ದರೂ ಅದರ ಕೆಳಗಿನದೆಲ್ಲ ನೆರಳಾಗುತ್ತದೆ. ಜೆಲ್ ಬೆಚ್ಚಗಿರಬೇಕು. ಇಷ್ಟು ಸಣ್ಣ ಮೈ ಶಾಖವನ್ನು ಬಹಳ ಬೇಗ ಕಳೆದುಕೊಳ್ಳುತ್ತದೆ, ತಣ್ಣನೆಯ ಜೆಲ್ ಬಿದ್ದರೆ ಪರದೆಯ ಮೂಲೆಯಲ್ಲಿ ಬಡಿತ ಇಳಿಯುವುದು ಕಾಣುತ್ತದೆ. ಪ್ರೋಬನ್ನು ಕೈಯಲ್ಲಿ ಹಿಡಿಯುವ ಬದಲು ಸ್ಟ್ಯಾಂಡಿಗೆ ಸಿಕ್ಕಿಸಿ, ಒತ್ತದೆ, ಜೆಲ್ಲಿನ ಪದರದ ಮೇಲೆ ತೇಲಿಸಿದಂತೆ ಇಡುತ್ತಾರೆ. ಒತ್ತಿದರೆ ಕೋಶ ಚಪ್ಪಟೆಯಾಗುತ್ತದೆ, ಇಲ್ಲವೇ ಖಾಲಿಯೇ ಆಗುತ್ತದೆ. ಸಣ್ಣ ಮೋಟಾರು ಪ್ರೋಬನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋಗುತ್ತದೆ, ಒಂದರ ಪಕ್ಕ ಒಂದು ಚಿತ್ರ ಸೇರಿ ಮೂರು ಆಯಾಮದ ಅಳತೆ ಸಿಗುತ್ತದೆ. ಮೋಟಾರು ಇಲ್ಲದ ಕಡೆ ಉದ್ದ, ಅಗಲ, ಎತ್ತರ ಗುಣಿಸಿ 0.52ರಿಂದ ಮತ್ತೆ ಗುಣಿಸುತ್ತಾರೆ. ಸ್ಕ್ಯಾನಿಂಗ್ ಸೆಂಟರುಗಳಲ್ಲಿ ಮನುಷ್ಯರಿಗೂ ನಡೆಯುವುದು ಇದೇ ಸೂತ್ರ.

ಮೂತ್ರಕೋಶಕ್ಕೆ ಏನೇ ತೊಂದರೆಯಾದರೂ ಗೋಡೆ ದಪ್ಪವಾಗುವುದು ಸಾಮಾನ್ಯ. ಉರಿಯೂತದಲ್ಲಿ ನೀರು ತುಂಬಿ ಊದುತ್ತದೆ, ಮೂತ್ರ ಹೊರಹೋಗುವ ದಾರಿ ಕಟ್ಟಿದರೆ ಸ್ನಾಯು ಬೆಳೆಯುತ್ತದೆ, ಕ್ಯಾನ್ಸರಿನಲ್ಲಿ ಗೆಡ್ಡೆ ಒಳಕ್ಕೆ ಚಾಚುತ್ತದೆ. ಹಾಗಾಗಿ ದಪ್ಪವನ್ನು ಅಳೆದು, ಔಷಧ ಕೊಟ್ಟ ಗುಂಪನ್ನೂ ಕೊಡದ ಗುಂಪನ್ನೂ ಹೋಲಿಸಿಬಿಡುವ ಆಸೆ ಯಾರಿಗಾದರೂ ಬರುತ್ತದೆ. ನಾನು ಹೇಳಿದ ಷರತ್ತು ಇರುವುದು ಇಲ್ಲೇ. ಬಲೂನು ಊದಿದಷ್ಟೂ ರಬ್ಬರು ತೆಳುವಾಗುತ್ತದೆ, ರಬ್ಬರಿನ ತೂಕ ಮಾತ್ರ ಬದಲಾಗುವುದಿಲ್ಲ. ನಾಯಿಗಳಲ್ಲಿ ಇದನ್ನು ಅಳೆದೇ ನೋಡಿದ್ದಾರೆ: ಆರೋಗ್ಯವಂತ ನಾಯಿಯ ಮೂತ್ರಕೋಶದ ಗೋಡೆ ಕೋಶ ಬಹುತೇಕ ಖಾಲಿ ಇದ್ದಾಗ ಸುಮಾರು 2.3 ಮಿ.ಮೀ., ಸಾಧಾರಣವಾಗಿ ತುಂಬಿದಾಗ 1.4 ಮಿ.ಮೀ. ಸುಂಡಿಲಿಗೆ ಇದೇ ಲೆಕ್ಕ ಹಾಕಿ ನೋಡೋಣ. ಕೋಶ ಗುಂಡಗಿದೆ, ಗೋಡೆಯ ತೂಕ 25 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಒಳಗೆ 0.02 ಮಿ.ಲೀ. ಮೂತ್ರವಿದ್ದರೆ ಗೋಡೆಯ ದಪ್ಪ ಸುಮಾರು 0.52 ಮಿ.ಮೀ. ಬರುತ್ತದೆ, 0.1 ಮಿ.ಲೀ. ತುಂಬಿದರೆ 0.22ಕ್ಕೆ ಇಳಿಯುತ್ತದೆ. ಈಗ ರೋಗ ಬಂದು ಗೋಡೆಯ ತೂಕ ದುಪ್ಪಟ್ಟಾಗಿ 50 ಮಿಲಿಗ್ರಾಂ ಆದ ಇನ್ನೊಂದು ಪ್ರಾಣಿ, ಅದರ ಕೋಶದಲ್ಲೂ 0.1 ಮಿ.ಲೀ. ಇದ್ದರೆ ದಪ್ಪ 0.42 ಮಿ.ಮೀ. ಅಂದರೆ ರೋಗವಿರುವ ತುಂಬಿದ ಕೋಶದ ಗೋಡೆ, ರೋಗವಿಲ್ಲದ ಖಾಲಿ ಕೋಶದ ಗೋಡೆಗಿಂತ ತೆಳ್ಳಗೆ ಕಾಣುತ್ತದೆ! ಬರೀ ದಪ್ಪವನ್ನು ನಂಬಿದವರು ರೋಗಿಯನ್ನು ಆರೋಗ್ಯವಂತನೆಂದೂ, ಆರೋಗ್ಯವಂತನನ್ನು ರೋಗಿಯೆಂದೂ ಬರೆದುಕೊಳ್ಳುತ್ತಾರೆ.

ಪರಿಹಾರ ಕಷ್ಟದ್ದೇನಲ್ಲ. ಗೋಡೆಯ ದಪ್ಪದ ಜೊತೆಗೆ ಒಳಗಿನ ಮೂತ್ರದ ಪ್ರಮಾಣವನ್ನೂ ಅಳೆದರೆ, ಎರಡನ್ನೂ ಸೇರಿಸಿ ಗೋಡೆಯ ತೂಕವನ್ನೇ ಲೆಕ್ಕ ಹಾಕಬಹುದು. ಆ ತೂಕ ಕೋಶ ತುಂಬಿದಾಗಲೂ ಖಾಲಿಯಾದಾಗಲೂ ಒಂದೇ. ಇನ್ನೊಂದು ದಾರಿ, ಹೆಣ್ಣು ಇಲಿಗಳಲ್ಲಿ ಸಣ್ಣ ಕೊಳವೆ ತೂರಿಸಿ, ಕೋಶವನ್ನು ಖಾಲಿ ಮಾಡಿ, ಗೊತ್ತಾದ ಪ್ರಮಾಣದ ಸಲೈನ್ ತುಂಬಿ ನೋಡುವುದು. ಅಳತೆ ಹೆಚ್ಚು ಖಚಿತ, ಆದರೆ ಕೊಳವೆಯೇ ಒಳಪದರವನ್ನು ಕೆರಳಿಸಬಹುದು. ವಾರ ವಾರವೂ ಮಾಡುವ ಕೆಲಸವಲ್ಲ. ನನ್ನ ಒಲವು ಮೊದಲನೆಯದರ ಕಡೆಗೆ. ಮೂತ್ರದ ಪ್ರಮಾಣ ಬರೆಯದೆ ಗೋಡೆಯ ದಪ್ಪವನ್ನಷ್ಟೇ ಕೊಡುವ ಯಾವ ವರದಿಯನ್ನೂ ಓದುಗ ಅನುಮಾನದಿಂದಲೇ ಓದಬೇಕು.

ಷರತ್ತು ಪಾಲಿಸಿದರೆ ಸಿಗುವ ಲಾಭಕ್ಕೆ ಸಕ್ಕರೆ ಕಾಯಿಲೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮಧುಮೇಹ ಮೂತ್ರಪಿಂಡವನ್ನು ಕೆಡಿಸುತ್ತದೆಂಬುದು ಎಲ್ಲರಿಗೂ ಗೊತ್ತು, ಮೂತ್ರಕೋಶವನ್ನೂ ಕೆಡಿಸುತ್ತದೆಂಬುದು ಅಷ್ಟು ಪ್ರಚಾರ ಪಡೆದಿಲ್ಲ. ಕೆಲವು ರೋಗಿಗಳಿಗೆ ಪದೇ ಪದೇ ಅವಸರ, ಇನ್ನು ಕೆಲವರಿಗೆ ಕೋಶ ತುಂಬಿದ್ದೇ ತಿಳಿಯದು, ಪೂರ್ತಿ ಖಾಲಿಯೂ ಆಗದು. ಒಂದೇ ಕಾಯಿಲೆ ಎರಡು ತದ್ವಿರುದ್ಧ ಮುಖ ತೋರಿಸುವುದೇಕೆ? ಸ್ಟ್ರೆಪ್ಟೊಜೋಟೊಸಿನ್ ಎಂಬ ರಾಸಾಯನಿಕ ಕೊಟ್ಟು ಇಲಿಗಳಲ್ಲಿ ಮಧುಮೇಹ ಬರಿಸಿ, ಬೇರೆ ಬೇರೆ ವಾರಗಳಲ್ಲಿ ನೋಡಿದಾಗ ಉತ್ತರದ ಎಳೆ ಸಿಕ್ಕಿತು. ಅಮೆರಿಕದ ಮೂತ್ರರೋಗ ತಜ್ಞ ಫಿರೋಜ್ ದಾನೇಶ್‌ಗರಿ ಮತ್ತು ಸಂಗಡಿಗರು ಇದನ್ನು ಕಾಲದ ಹಂತಗಳಾಗಿ ವಿವರಿಸಿದರು. ಮೊದಲ ವಾರಗಳಲ್ಲಿ ಹೆಚ್ಚಾದ ಮೂತ್ರವನ್ನು ಹೊರಹಾಕಲು ಕೋಶ ಹಿಗ್ಗಿ, ಸ್ನಾಯು ಬಲಿತು, ಜೋರಾಗಿ ಹಿಂಡುತ್ತದೆ. ಸುಮಾರು ಮೂರನೇ ತಿಂಗಳ ಹೊತ್ತಿಗೆ ಅದೇ ಸ್ನಾಯು ಸೋತು, ಮೂತ್ರ ಒಳಗೇ ಉಳಿಯತೊಡಗುತ್ತದೆ. ತಿರುವು ಇರುವುದು ನಡುವೆ ಎಲ್ಲೋ. ಎಲ್ಲ ಇಲಿಗಳಲ್ಲೂ ಅದು ಒಂದೇ ದಿನ ಬರುವುದಿಲ್ಲ.

ಕೊಂದು ನೋಡುವ ಪದ್ಧತಿಗೆ ಈ ತಿರುವು ಸಿಗುವುದು ಕಷ್ಟ. ಮೂರು, ಆರು, ಒಂಬತ್ತು, ಹನ್ನೆರಡನೇ ವಾರ ಎಂದು ನಾಲ್ಕು ಕಡೆ ನೋಡಬೇಕು, ಮಧುಮೇಹದ ಗುಂಪು ಮತ್ತು ಸಾಮಾನ್ಯ ಗುಂಪು ಎರಡರಲ್ಲೂ ಪ್ರತಿ ಸಲ ಆರಾರು ಇಲಿ ಬೇಕು ಎಂದರೆ 48 ಪ್ರಾಣ. ಇಷ್ಟಾಗಿಯೂ ಒಂಬತ್ತನೇ ವಾರದ ಇಲಿ ಮೂರನೇ ವಾರದಲ್ಲಿ ಹೇಗಿತ್ತು ಎಂದು ಯಾರಿಗೂ ಗೊತ್ತಿರುವುದಿಲ್ಲ; ಅದು ಬೇರೆಯೇ ಇಲಿ. ಸ್ಕ್ಯಾನ್ ಮಾಡಿದರೆ 12 ಇಲಿಗಳು ನಾಲ್ಕೂ ವಾರಗಳ ಕಥೆಯನ್ನು, ರೋಗ ಬರುವ ಮುಂಚಿನ ಸ್ಥಿತಿಯನ್ನೂ ಸೇರಿಸಿ ಹೇಳುತ್ತವೆ. ಪ್ರತಿ ಪ್ರಾಣಿಯೂ ತನಗೆ ತಾನೇ ಹೋಲಿಕೆಯಾದ್ದರಿಂದ, ಹುಟ್ಟಿನಿಂದಲೇ ಕೋಶ ದೊಡ್ಡದಿದ್ದ ಇಲಿ ಯಾವುದು, ರೋಗದಿಂದ ಹಿಗ್ಗಿದ್ದು ಯಾವುದು ಎಂಬ ಗೊಂದಲ ತಪ್ಪುತ್ತದೆ. ನಡುವಿನ ಎರಡು ಹಂತಗಳಲ್ಲಿ ಅಂಗಾಂಶ ಪರೀಕ್ಷೆಗೆಂದು ಇನ್ನೂ 12 ಇಲಿ ಸೇರಿಸಿದರೂ ಲೆಕ್ಕ 24ಕ್ಕೆ ನಿಲ್ಲುತ್ತದೆ, ಅರ್ಧಕ್ಕರ್ಧ.

ನಮ್ಮ ಕಾನೂನು ಈ ದಿಕ್ಕಿನಲ್ಲಿ ಮಾತಾಡಲು ಶುರು ಮಾಡಿ ಬಹಳ ಕಾಲವಾಯಿತು. ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಇಂಗ್ಲಿಷ್ ವಿಜ್ಞಾನಿಗಳು 1959ರಲ್ಲಿ ಮೂರು ಸೂತ್ರ ಕೊಟ್ಟರು: ಸಾಧ್ಯವಾದಲ್ಲಿ ಪ್ರಾಣಿಗೆ ಬದಲಿ ಹುಡುಕು, ಸಂಖ್ಯೆ ಇಳಿಸು, ನೋವು ಕಡಿಮೆ ಮಾಡು. ಮರುವರ್ಷವೇ ಬಂದ ನಮ್ಮ ಪ್ರಾಣಿ ಹಿಂಸೆ ತಡೆ ಕಾಯ್ದೆಯ 17ನೇ ಕಲಮಿನಲ್ಲಿ, ತಪ್ಪಿಸಬಹುದಾದ ಪ್ರಯೋಗ ತಪ್ಪಿಸಬೇಕು, ನೋವು ತಿಳಿಯದಷ್ಟು ಅರಿವಳಿಕೆ ಕೊಡಬೇಕು ಎಂದಿದೆ. ಅದೇ ಕಲಮು ಇನ್ನೊಂದು ಮಾತನ್ನೂ ಹೇಳುತ್ತದೆ: ಇಲಿ, ಮೊಲ, ಕಪ್ಪೆ, ಗಿನಿಪಿಗ್‌ಗಳಂಥ ಸಣ್ಣ ಪ್ರಾಣಿಗಳಲ್ಲಿ ಅದೇ ಫಲಿತಾಂಶ ಸಿಗುವುದಾದರೆ ದೊಡ್ಡ ಪ್ರಾಣಿಗಳನ್ನು ಬಿಡಬೇಕು. ಇಲ್ಲೊಂದು ತೊಡಕಿದೆ. ಕಾನೂನು ಸಣ್ಣ ಪ್ರಾಣಿಯ ಕಡೆಗೆ ತಳ್ಳುತ್ತದೆ, ಅಲ್ಟ್ರಾಸೌಂಡ್ ಸುಲಭವಾಗುವುದು ದೊಡ್ಡ ಪ್ರಾಣಿಯಲ್ಲಿ. ನಾಯಿಯ ಮೂತ್ರಕೋಶವನ್ನು ಸಾಧಾರಣ ಯಂತ್ರದಲ್ಲೇ ನೋಡಬಹುದು; ಸುಂಡಿಲಿಗೆ ಕೋಟಿಗಳ ಲೆಕ್ಕದ ಯಂತ್ರ ಬೇಕು. ನಡುವಿನ ದಾರಿ ದೊಡ್ಡ ಇಲಿಯದು. 1 ಮಿ.ಲೀ. ಕೋಶಕ್ಕೆ 15 ಮೆಗಾಹರ್ಟ್ಸ್ ಸುಮಾರಿನ ಪ್ರೋಬ್ ಸಾಕಾಗುತ್ತದೆ, ಅಂಥದ್ದು ದೊಡ್ಡ ಆಸ್ಪತ್ರೆಗಳಲ್ಲಿ ಥೈರಾಯ್ಡ್, ನರ ನೋಡಲು ಇದ್ದೇ ಇರುತ್ತದೆ. ಗೋಡೆಯ ಪದರ ಪದರ ಸಿಗದಿದ್ದರೂ ಎಷ್ಟು ತುಂಬಿದೆ, ಎಷ್ಟು ಉಳಿದಿದೆ, ಗೆಡ್ಡೆ ಇದೆಯೇ ಎಂಬುದಕ್ಕೆ ಉತ್ತರ ಸಿಗುತ್ತದೆ.

ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಅರಿವಳಿಕೆಯದು. ಐಸೋಫ್ಲೂರೇನ್ ಮೂತ್ರ ಮಾಡುವ ಪ್ರತಿವರ್ತನೆಯನ್ನೇ ಅಡಗಿಸುತ್ತದೆ. ಕೆಟಮಿನ್ ಜೊತೆಗೆ ಕೊಡುವ ಜೈಲಜಿನ್ ಮೂತ್ರವನ್ನು ಹೆಚ್ಚಿಸುತ್ತದೆ, ಪ್ರಾಣಿ ಮಲಗಿರುವಷ್ಟು ಹೊತ್ತೂ ಕೋಶ ತುಂಬುತ್ತಲೇ ಇರುತ್ತದೆ. ಇಂಥ ಸ್ಥಿತಿಯಲ್ಲಿ ನೋಡಿದ್ದು ಮೂತ್ರಕೋಶದ ಸಹಜ ನಡವಳಿಕೆಯೇ? ಅಲ್ಲ. ಅಲ್ಟ್ರಾಸೌಂಡ್ ಇಲ್ಲಿ ರಚನೆಯನ್ನು ಹೇಳಬಲ್ಲದು, ನಡವಳಿಕೆಯನ್ನು ಹೇಳಲಾರದು. ಈ ಗೆರೆಯನ್ನು ದಾಟಿದ ತೀರ್ಮಾನಗಳನ್ನು ಒಪ್ಪಬಾರದು. ನಡವಳಿಕೆಗೆ ಅಗ್ಗದ, ಅರಿವಳಿಕೆ ಬೇಡದ ಉಪಾಯ ಬೇರೆಯೇ ಇದೆ. ಪಂಜರದ ತಳಕ್ಕೆ ಫಿಲ್ಟರ್ ಕಾಗದ ಹಾಸಿ ಇಲಿಯನ್ನು ಕೆಲವು ಗಂಟೆ ಬಿಟ್ಟು, ಆಮೇಲೆ ಕಾಗದವನ್ನು ಅತಿನೇರಳೆ ಬೆಳಕಿನಲ್ಲಿ ಹಿಡಿದರೆ ಮೂತ್ರದ ಕಲೆಗಳು ಹೊಳೆಯುತ್ತವೆ. ಒಂದೆರಡು ದೊಡ್ಡ ಕಲೆ ಇದ್ದರೆ ಕೋಶಕ್ಕೆ ಹಿಡಿತವಿದೆ, ಎಲ್ಲೆಂದರಲ್ಲಿ ಸಣ್ಣ ಚುಕ್ಕೆಗಳಿದ್ದರೆ ಹಿಡಿತ ತಪ್ಪಿದೆ. ಸ್ಕ್ಯಾನು ಮತ್ತು ಕಾಗದ ಎರಡೂ ಜೊತೆಗಿದ್ದರೆ ಒಂದು ಹೇಳದ್ದನ್ನು ಇನ್ನೊಂದು ಹೇಳುತ್ತದೆ.

ನೈತಿಕ ಆಕ್ಷೇಪವೂ ಹಗುರವಲ್ಲ. ಸಂಖ್ಯೆ ಇಳಿಸುವ ಹೆಸರಿನಲ್ಲಿ ಒಂದೇ ಪ್ರಾಣಿಯನ್ನು ಪದೇ ಪದೇ ಹಿಡಿದು, ಮಂಪರು ಬರಿಸಿ, ಕೂದಲು ತೆಗೆದರೆ ಹಲವರ ಕಷ್ಟವನ್ನು ಕೆಲವರ ತಲೆಗೆ ಕಟ್ಟಿದಂತಾಗದೇ? ಆಗಬಹುದು. ಆದ್ದರಿಂದ ಸ್ಕ್ಯಾನಿನ ಸರದಿ ಕುತೂಹಲಕ್ಕೆ ತಕ್ಕಂತೆ ಅಲ್ಲ, ರೋಗದ ನಡಿಗೆಗೆ ತಕ್ಕಂತೆ ಇರಬೇಕು. ಪ್ರತಿ ಸಲದ ಚೇತರಿಕೆ, ತೂಕ ದಾಖಲಾಗಬೇಕು. ಈ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಬಿಬಿಎನ್ ಎಂಬ ರಾಸಾಯನಿಕವನ್ನು ಕುಡಿಯುವ ನೀರಿನಲ್ಲಿ ಬೆರೆಸಿ ಕೆಲವು ತಿಂಗಳಲ್ಲಿ ಮೂತ್ರಕೋಶದ ಕ್ಯಾನ್ಸರ್ ಬರಿಸುವ ಪ್ರಯೋಗಗಳಿವೆ. ಹೊರಗಿನಿಂದ ನೋಡುವವರಿಗೆ ಮೂತ್ರದಲ್ಲಿ ರಕ್ತ, ತೂಕ ಇಳಿಕೆ ಕಾಣುವಷ್ಟರಲ್ಲಿ ಗೆಡ್ಡೆ ಮೂತ್ರಪಿಂಡದಿಂದ ಬರುವ ನಾಳದ ಬಾಯಿ ಮುಚ್ಚಿ ಮೂತ್ರಪಿಂಡ ಊದಿರಬಹುದು. ಪರದೆಯ ಮೇಲೆ ಆ ಊತ ಕಪ್ಪಗೆ, ಮೊದಲೇ ಕಾಣುತ್ತದೆ. ಪ್ರಾಣಿ ನರಳುವ ಮುನ್ನವೇ ಅದರ ಪಾಲಿನ ಪ್ರಯೋಗ ಮುಗಿಸಬಹುದು. ಪದೇ ಪದೇ ಮಂಪರಿನ ಹೊರೆಗಿಂತ ಈ ಲಾಭ ದೊಡ್ಡದೆಂದು ನಾನು ಭಾವಿಸುತ್ತೇನೆ.

ಇಲಿಯಲ್ಲಿ ಕಂಡದ್ದನ್ನು ಮನುಷ್ಯನಿಗೆ ಹಚ್ಚುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಎನ್ನುವವರ ಕೈಯಲ್ಲಿ ಸ್ಯಾಕರಿನ್ ಪ್ರಕರಣವಿದೆ. 1970ರ ದಶಕದಲ್ಲಿ ಬಹಳ ಹೆಚ್ಚಿನ ಪ್ರಮಾಣದ ಸ್ಯಾಕರಿನ್ ತಿಂದ ಗಂಡು ಇಲಿಗಳ ಮೂತ್ರಕೋಶದಲ್ಲಿ ಗೆಡ್ಡೆ ಕಂಡವು. ಅಮೆರಿಕದಲ್ಲಿ ಪೊಟ್ಟಣಗಳ ಮೇಲೆ ಎಚ್ಚರಿಕೆ ಅಚ್ಚಾಯಿತು. ಇಲಿಯ ಮೂತ್ರದಲ್ಲಿ ಕ್ಯಾಲ್ಸಿಯಂ ಫಾಸ್ಫೇಟಿನ ಸಣ್ಣ ಕಣಗಳು ಕಟ್ಟಿ ಒಳಪದರವನ್ನು ಕೆರೆಯುತ್ತವೆ, ಆ ಗಾಯ ಮತ್ತೆ ಮತ್ತೆ ಮಾಯುವಾಗ ಗೆಡ್ಡೆ ಹುಟ್ಟುತ್ತದೆ, ಮನುಷ್ಯರಲ್ಲಿ ಹೀಗಾಗುವುದಿಲ್ಲ ಎಂದು ಗೊತ್ತಾದ ಮೇಲೆ, 2000ರಲ್ಲಿ ಅದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಯಿಂದ ಕೈಬಿಟ್ಟರು. ಆ ಒಗಟನ್ನು ಬಿಡಿಸಿದ್ದು ಅಲ್ಟ್ರಾಸೌಂಡ್ ಅಲ್ಲ, ಮೂತ್ರದ ರಸಾಯನ ಮತ್ತು ಸೂಕ್ಷ್ಮದರ್ಶಕ. ಆದರೂ ಅದರಿಂದ ನನ್ನ ವಾದಕ್ಕೆ ಬಲವೇ ಸಿಗುತ್ತದೆ. ಕೊನೆಯಲ್ಲಿ ಎಷ್ಟು ಗೆಡ್ಡೆ ಎಂಬ ಎಣಿಕೆ ದಾರಿ ತಪ್ಪಿಸಿತು, ಗೆಡ್ಡೆ ಬಂದ ದಾರಿಯನ್ನು ಹಿಡಿದು ನೋಡಿದ್ದು ದಾರಿಗೆ ತಂದಿತು. ಇನ್ನು ಪ್ರಾಣಿಯೇ ಬೇಡ ಎಂಬ ಮಾತು. 2023ರ ತಿದ್ದುಪಡಿಯಿಂದ ನಮ್ಮ ಔಷಧ ನಿಯಮಗಳೂ ಚಿಪ್ ಮೇಲೆ ಜೀವಕೋಶ ಬೆಳೆಸಿ ಅಂಗವನ್ನು ಅನುಕರಿಸುವ ಅಂಗಚಿಪ್‌ನಂಥ ಬದಲಿಗಳಿಗೆ ಬಾಗಿಲು ತೆರೆದಿವೆ. ವಿಷಪರೀಕ್ಷೆಯ ಹಲವು ಕಡೆ ಅದು ನಡೆಯಲೂಬಹುದು. ತುಂಬಿ, ಹಿಡಿದಿಟ್ಟು, ಬೆನ್ನುಹುರಿಯ ಅಪ್ಪಣೆ ಬಂದಾಗ ಖಾಲಿಯಾಗುವ ಅಂಗ ಮಾತ್ರ ಇನ್ನೂ ಚಿಪ್‌ನೊಳಗೆ ಬಂದಿಲ್ಲ.

ಅಲ್ಟ್ರಾಸೌಂಡ್ ಕೈಗುಣದ ವಿದ್ಯೆ ಎಂಬ ದೂರಿನಲ್ಲೂ ಹುರುಳಿದೆ. ಪ್ರೋಬ್ 30 ಡಿಗ್ರಿ ಓರೆಯಾದರೆ ಗೋಡೆ ಶೇ 15ರಷ್ಟು ದಪ್ಪ ಕಾಣುತ್ತದೆ. ಯಾವ ಇಲಿ ಯಾವ ಗುಂಪಿನದೆಂದು ಅಳೆಯುವವರಿಗೆ ತಿಳಿಯಬಾರದು, ಇಬ್ಬರು ಬೇರೆ ಬೇರೆಯಾಗಿ ಅಳೆಯಬೇಕು. ಒಳಪದರದಲ್ಲೇ ಚಪ್ಪಟೆಯಾಗಿ ಹರಡುವ ಆರಂಭದ ಕ್ಯಾನ್ಸರ್ ಎಷ್ಟು ಪಳಗಿದ ಕೈಗೂ ಸಿಗುವುದಿಲ್ಲ, ಅದಕ್ಕೆ ಸ್ಲೈಡೇ ಗತಿ. ಹೆಬ್ಬಾಳದ ಕಾಲೇಜಿನಂಥ ಕಡೆ ವರ್ಷಗಟ್ಟಲೆ ನಾಯಿ, ಬೆಕ್ಕು, ಮೇಕೆ ನೋಡಿ ಪಳಗಿದವರನ್ನು ಸುತ್ತಲ ಪ್ರಯೋಗಾಲಯಗಳು ಕರೆಸಿಕೊಳ್ಳಲಿ ಎನ್ನುವುದು ಈ ಕಾರಣಕ್ಕೆ. ಯಂತ್ರ ಕೊಳ್ಳುವುದಕ್ಕಿಂತ ಕೈ ಪಳಗಿಸುವುದಕ್ಕೆ ಹೆಚ್ಚು ಕಾಲ ಬೇಕು. ಯಂತ್ರದ ವಿಷಯದಲ್ಲೂ ಒಂದು ಎಚ್ಚರವಿದೆ. ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಬೋರ್ಡು ಪ್ರತಿ ಸ್ಕ್ಯಾನಿಂಗ್ ಸೆಂಟರಿನಲ್ಲಿ ತೂಗುವುದಕ್ಕೆ ಕಾರಣವಾದ 1994ರ ಕಾಯ್ದೆ, ನೋಂದಣಿ ಇಲ್ಲದವರಿಗೆ ಅಲ್ಟ್ರಾಸೌಂಡ್ ಯಂತ್ರ ಮಾರುವುದನ್ನೂ ತಡೆಯುತ್ತದೆ. 40 ಮೆಗಾಹರ್ಟ್ಸ್ ಪ್ರೋಬಿಗೆ ಗರ್ಭದ ಆಳ ಎಟುಕುವುದಿಲ್ಲ. ನಾಯಿಗೆ ಬಳಸುವ 5 ಮೆಗಾಹರ್ಟ್ಸ್‌ನದಕ್ಕೆ ಎಟುಕುತ್ತದೆ. ಸಂಸ್ಥೆಗಳು ಯಂತ್ರ ಹಂಚಿಕೊಳ್ಳುವಾಗ ಈ ಕಾಗದಪತ್ರದ ರಗಳೆ ಇದ್ದದ್ದೇ, ಇರಬೇಕಾದದ್ದೇ.

1998ರ ನಿಯಮಗಳ ಪ್ರಕಾರ ಪ್ರಾಣಿ ಪ್ರಯೋಗ ನಡೆಸುವ ಪ್ರತಿ ಸಂಸ್ಥೆಯಲ್ಲೂ ನೀತಿ ಸಮಿತಿ ಇರಲೇಬೇಕು. ಅದರಲ್ಲಿ ವಿಜ್ಞಾನಿಗಳ ಜೊತೆ ಒಬ್ಬ ಪಶುವೈದ್ಯರೂ, ವಿಜ್ಞಾನಿಯಲ್ಲದ ಒಬ್ಬ ನಾಗರಿಕರೂ ಕೂರುತ್ತಾರೆ. ಎಷ್ಟು ಪ್ರಾಣಿ ಬೇಕು, ಅಷ್ಟೇ ಏಕೆ ಬೇಕು ಎಂದು ಅರ್ಜಿಯಲ್ಲಿ ಬರೆಯಬೇಕೆಂಬ ನಿಯಮ ಈಗಲೇ ಇದೆ. ಮೂತ್ರಕೋಶದ ಅರ್ಜಿ ಮೇಜಿಗೆ ಬಂದಾಗ ಆ ಇಬ್ಬರಲ್ಲಿ ಯಾರಾದರೂ ಇನ್ನೆರಡು ಪ್ರಶ್ನೆ ಕೇಳಬಹುದು: ನಡುವಿನ ವಾರಗಳಲ್ಲಿ ಕೊಲ್ಲುವ ಬದಲು ಸ್ಕ್ಯಾನ್ ಏಕಾಗದು? ಸ್ಕ್ಯಾನ್ ಮಾಡುವುದಾದರೆ, ಗೋಡೆಯ ದಪ್ಪದ ಪಕ್ಕದಲ್ಲಿ ಮೂತ್ರದ ಪ್ರಮಾಣ ಬರೆಯಲು ತಖ್ತೆಯಲ್ಲಿ ಜಾಗ ಬಿಟ್ಟಿದ್ದೀರಾ?